ಹೊಗೆಯಿಲ್ಲದ ಪರ್ವತ

ಹೊಗೆಯನ್ನು ಕಂಡು ಪರ್ವತದಲ್ಲಿ ಅಗ್ನಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಹೊಗೆಯೇ ಕಾಣದ ಪರ್ವತದಲ್ಲಿ ಅಗ್ನಿಯಿಲ್ಲವೆಂದು ನಿಶ್ಚಯಿಸಬಹುದೇ? ಈ ಪ್ರಶ್ನೆಯು ಪಂಡಿತರ ವಾದಕ್ಕೆ ಮಾತ್ರ ಸೇರಿದುದಲ್ಲ, ನಮ್ಮ ನಿತ್ಯದ ನಡತೆಗೂ ಸೇರಿದುದು. ಇದಕ್ಕೆ ತಕ್ಕ ನಿದರ್ಶನವೊಂದು ನಮ್ಮ ದೇಶದ ಅಂಡಮಾನ್ ಸಮುದ್ರದಲ್ಲಿಯೇ ಇದೆ.

ಅಲ್ಲಿರುವ ನಾರ್ಕೊಂಡಮ್ ಎಂಬ ಪುಟ್ಟ ದ್ವೀಪದ ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರು. ಶಿಖರದ ಎತ್ತರ 710 ಮೀಟರು. ಬುಡದಿಂದ ತುದಿಯವರೆಗೆ ದಟ್ಟವಾದ ಹಸಿರು ಕಾಡು. ಆದರೆ ಅದರ ಶಿಲೆಯನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು ದ್ವೀಪವೆಲ್ಲ ಜ್ವಾಲಾಮುಖಿಯ ಸೃಷ್ಟಿಯೆಂದು ನಿರ್ಣಯಿಸಿದ್ದಾರೆ. ಆದರೂ ಅದು ಸ್ಫೋಟಿಸಿದುದಕ್ಕೆ ಮನುಷ್ಯನ ಯಾವ ಲಿಖಿತ ದಾಖಲೆಯೂ ಇಲ್ಲ.

ದಾಖಲೆಯಿಲ್ಲವೆಂಬುದರಿಂದ ಏನು ಸಿದ್ಧವಾಗುತ್ತದೆ? ದೀಪ ಬೆಳಗುತ್ತಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಹಾಗೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಲ್ಲಿ ಮಾತ್ರ ಕಾಣದಿರುವುದು ಅಭಾವಕ್ಕೆ ಸಾಧಕವಾಗುತ್ತದೆ. ಜನವಸತಿಯಿಲ್ಲದ ಆ ದ್ವೀಪದಲ್ಲಿ ಪೊಲೀಸ್ ಠಾಣೆ ಏರ್ಪಟ್ಟುದೇ 1969ರಲ್ಲಿ. ಅದಕ್ಕೂ ಹಿಂದೆ ಸಾವಿರಾರು ವರ್ಷ ಅಲ್ಲಿದ್ದು ನೋಡಿ ಬರೆದಿಡುವವರು ಯಾರಿದ್ದರು? ಹೊಗೆಯಿದ್ದಲ್ಲಿ ಅಗ್ನಿಯುಂಟೆಂಬ ನಿಯಮವಿದೆಯೇ ಹೊರತು ಹೊಗೆಯಿಲ್ಲದಲ್ಲಿ ಅಗ್ನಿಯಿಲ್ಲವೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿ?

ನಾರ್ಕೊಂಡಮಿಗೆ ಸುಮಾರು 135 ಕಿಲೋಮೀಟರು ದೂರದಲ್ಲಿ ಬ್ಯಾರನ್ ದ್ವೀಪವಿದೆ. ಭಾರತದ ಭೂಫಲಕವು ಪೂರ್ವದ ಫಲಕದಡಿಗೆ ಸರಿಯುವುದರಿಂದ ಹುಟ್ಟಿದ ಒಂದೇ ಸಾಲಿನ ಸೋದರ ಪರ್ವತಗಳಿವು. ಬ್ಯಾರನ್ ದ್ವೀಪದ ಸ್ಫೋಟಗಳು 1787ರಿಂದ ದಾಖಲಾಗಿವೆ. ಬಳಿಕ ಒಂದು ಶತಮಾನಕ್ಕೂ ಮೀರಿ ಅದು ಮೌನವಾಗಿತ್ತು. 1991ರಲ್ಲಿ ಮತ್ತೆ ಬೆಂಕಿಯುಗುಳಿತು. ಅಷ್ಟು ದೀರ್ಘವಾದ ಶಾಂತಿಯೂ ಅಗ್ನಿ ನಂದಿತೆಂಬುದಕ್ಕೆ ಪ್ರಮಾಣವಾಗಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ನಮಗೆ ಕೋಪವೇ ಬರುವುದಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ಬಂಧುಗಳೂ ಹಾಗೆಯೇ ಹೊಗಳುತ್ತಿದ್ದರು. ಒಮ್ಮೆ ಉತ್ಸವದ ಸಂತರ್ಪಣೆಯಲ್ಲಿ, ಪಂಕ್ತಿಗೆ ಬಡಿಸುತ್ತಿದ್ದ ಹುಡುಗನೊಬ್ಬನ ಕೈಜಾರಿ ಸಾರು ನಮ್ಮ ಮಡಿಯ ಮೇಲೆ ಚೆಲ್ಲಿತು. ಆಗ ನಮ್ಮ ಬಾಯಿಂದ ಹೊರಟ ಮಾತುಗಳನ್ನು ಇಲ್ಲಿ ಬರೆಯಲಾರೆವು. ಹುಡುಗನು ತಲೆತಗ್ಗಿಸಿ ಒಳಗೆ ಹೋದವನು ಮತ್ತೆ ಬಡಿಸಲು ಬರಲಿಲ್ಲ. ಕೋಪವು ಅಂದು ಹೊಸದಾಗಿ ಹುಟ್ಟಿತೇ? ಇಲ್ಲ, ಒಳಗಿದ್ದುದು ಅಂದು ಕಂಡಿತು. ಸಂದರ್ಭ ಒದಗದಿದ್ದುದನ್ನೇ ನಾವು ಶಮವೆಂಬ ಗುಣವಾಗಿ ಲೆಕ್ಕ ಬರೆದುಕೊಂಡಿದ್ದೆವು.

ಹಾಗಾದರೆ ಶಾಂತರಾಗಿರುವ ಎಲ್ಲರನ್ನೂ ಶಂಕಿಸಬೇಕೇ ಎಂದು ಕೇಳಬಹುದು. ಹಾಗಲ್ಲ. ಕಾಣದ ದೋಷವನ್ನು ಪರರಲ್ಲಿ ಕಲ್ಪಿಸುವುದೂ ಅಪ್ರಮಾಣವೇ. ನಾರ್ಕೊಂಡಮ್ ಎಂಬ ಹೆಸರು 'ನರಕಕುಂಡ' ಎಂಬ ಶಬ್ದದಿಂದ ಬಂದುದೆಂದು ಹೇಳುವವರುಂಟು. ಉರಿಯುವ ನೆರೆಯ ದ್ವೀಪಕ್ಕೆ ಸಲ್ಲಬೇಕಾದ ಹೆಸರು ತಪ್ಪಿ ಇದಕ್ಕೆ ಅಂಟಿತೆಂಬ ಊಹೆಯೂ ಉಂಟು. ಆ ಹೆಸರು ಹೊತ್ತ ನೆಲದಲ್ಲಿ ನಡೆಯುತ್ತಿರುವುದೇನು? ಬೇರೆಲ್ಲಿಯೂ ನೆಲೆಯಿಲ್ಲದ ಒಂದು ಜಾತಿಯ ಮಂಗಟ್ಟೆ ಹಕ್ಕಿಗಳು ಅಲ್ಲಿ ಸಂಸಾರ ನಡೆಸುತ್ತಿವೆ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಅದರ ಬಾಯನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಕಿರಿದಾದ ಸೀಳಿನ ಮೂಲಕ ಗಂಡು ಹಣ್ಣು ತಂದು ಉಣಿಸುತ್ತದೆ. ನೆರೆಯವರನ್ನು ಹೆಸರಿನಿಂದ ಅಳೆಯದೆ, ಅವರ ಆಶ್ರಯದಲ್ಲಿ ಏನು ಬದುಕಿದೆಯೆಂಬುದರಿಂದ ಅಳೆಯುವುದು ನ್ಯಾಯ.

ಆದ್ದರಿಂದ ಶಂಕೆಯನ್ನು ನಮ್ಮ ಮೇಲೆಯೇ ಇಟ್ಟುಕೊಳ್ಳೋಣ, ವಿಶ್ವಾಸವನ್ನು ಪರರಿಗೆ ಕೊಡೋಣ. ಈ ಸಲದ ಉತ್ಸವದಲ್ಲಿ ಆ ಹುಡುಗನು ಬಂದರೆ, ಮೊದಲು ಮಾತನಾಡಿಸಬೇಕಾದವರು ನಾವು. ಅದಕ್ಕೆ ಬೇಕಾದ ಬುದ್ಧಿಯನ್ನು ಭಗವಂತನು ಅನುಗ್ರಹಿಸಲಿ.