ಬಯಸಿದವನು, ಕೊಂಡವನು

ಕಾಲೇಜಿನ ದಿನಗಳ ಕನಸು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕಿನ ಹೆಸರು 2022ರಲ್ಲಿ ಮರಳಿ ಬಂತು. ಐವತ್ತರ ಹೊಸ್ತಿಲಲ್ಲಿ ಕೊನೆಗೂ ಒಂದು ಟೂರಿಂಗ್ ಬೈಕ್ ಕೊಂಡೆ. "ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?" ಅಂದಳು ಹೆಂಡತಿ. ಉತ್ತರ ಹೊಳೆಯಲಿಲ್ಲ. ಬಯಸಿದವನು ಇಪ್ಪತ್ತರ ಹುಡುಗ, ಕೊಂಡವನು ಸೊಂಟನೋವಿನ ನಾನು. ಅವನ ಸಾಲ ನಾನೇಕೆ ತೀರಿಸಬೇಕು?

ಮೊದಲ ಸವಾರಿ ಮಳೆಗಾಲದಲ್ಲಿ, ಸೊರಬ ದಾಟಿ ಗುಡವಿಗೆ. ಕೆರೆಯ ಮರಗಳಲ್ಲಿ ಬಿಳಿ ಐಬಿಸ್‌ಗಳು ಗೂಡು ಕಟ್ಟುವ ಕಾಲ. ಪಕ್ಷಿಧಾಮ ಇನ್ನೂ ದೂರವಿರುವಾಗಲೇ ಎಂಜಿನ್ ಆಫ್ ಮಾಡಿ ನಡೆದೆ. ಆ ಹುಡುಗನಾಗಿದ್ದರೆ ಗೇಟಿನವರೆಗೂ ಸದ್ದು ಮಾಡುತ್ತಲೇ ಹೋಗುತ್ತಿದ್ದ.

ಆಸೆ ಅವನದೇ. ಎಲ್ಲಿ ನಿಲ್ಲಿಸಬೇಕೆಂಬ ತಿಳಿವಷ್ಟೇ ನನ್ನದು. ತಡವಾದದ್ದಕ್ಕೆ ಅಷ್ಟು ಬಡ್ಡಿ ಸಿಕ್ಕಿತು.