ಸ್ವಾತಂತ್ರ್ಯವೂ ಆಧಾರವೂ

ಪರಾಧಾರದಿಂದ ನಡೆಯುವವನು ಸ್ವತಂತ್ರನೆ? ಯಾವ ಆಧಾರವನ್ನೂ ಬಯಸದಿರುವುದೇ ಸ್ವಾತಂತ್ರ್ಯದ ಲಕ್ಷಣವೆಂದು ಲೋಕವು ಸಾಮಾನ್ಯವಾಗಿ ಎಣಿಸುತ್ತದೆ. ಈ ಎಣಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಕೃತಕ ಕಾಲಿನ ದೃಷ್ಟಾಂತದಿಂದ ಪರೀಕ್ಷಿಸಬಹುದು.

ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನಿತ್ತರೆಂದು ಋಗ್ವೇದವು ಹೇಳುತ್ತದೆ. ದೇವತೆಗಳು ಕೊಟ್ಟ ಕಾಲಿಗೆ ದುರಸ್ತಿಯ ಚಿಂತೆಯಿರಲಿಲ್ಲವೇನೋ! ಮನುಷ್ಯನು ಮಾಡಿದ ಕಾಲಿನ ಮಾತು ಬೇರೆ. 1863ರಲ್ಲಿ ಅಮೆರಿಕದ ಡುಬಾಯ್ಸ್ ಪಾರ್ಮ್ಲೀ ಎಂಬವನು ಗಾಳಿಯ ಒತ್ತಡದಿಂದಲೇ ಕೃತಕ ಕಾಲನ್ನು ನಿಲ್ಲಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಇಂದಿನ ನಿರ್ವಾತದ ಕಾಲು ಆ ತತ್ತ್ವದ ಬೆಳವಣಿಗೆಯೇ ಆಗಿದೆ. ಮೊಣಕಾಲಿನ ಕೆಳಗೆ ಕಾಲು ಹೋದವನು ಉಳಿದ ಭಾಗಕ್ಕೆ ಸಿಲಿಕೋನಿನಂಥ ಮೆತ್ತನೆಯ ಒಳಗವಸನ್ನೂ, ಅದರ ಮೇಲೆ ತೆಳುವಾದ ಕಾಲುಚೀಲವನ್ನೂ ತೊಟ್ಟು, ಗಟ್ಟಿಯಾದ ಗೂಡಿನೊಳಗೆ ಕಾಲಿಡುವನು. ಗೂಡಿನ ಅಂಚಿನಿಂದ ತೊಡೆಯವರೆಗೆ ಹೊರಗವಸೊಂದು ಬಿಗಿಯಾಗಿ ಮುಚ್ಚುವುದು. ಸಣ್ಣದೊಂದು ಪಂಪು ಒಳಗವಸಿಗೂ ಗೂಡಿಗೂ ನಡುವಣ ಗಾಳಿಯನ್ನು ಸೆಳೆದು ಹೊರಹಾಕಲು, ಹೊರಗಣ ವಾಯುಮಂಡಲದ ಒತ್ತಡವೇ ಕಾಲನ್ನು ಹಿಡಿದು ನಿಲ್ಲಿಸುವುದು.

ಹೊರಗವಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಈ ಹಿಡಿತವು ಸಡಿಲುತ್ತದೆ. ವಿದ್ಯುತ್ಪಂಪು ಪದೇ ಪದೇ ಓಡತೊಡಗುವುದು ಅದರ ಸೂಚನೆ. ಆಗ ಪಂಪಿನ ಬಲವನ್ನು ಹೆಚ್ಚಿಸಿದರೆ ಕೆಲವು ಗಳಿಗೆ ಎಲ್ಲವೂ ಸರಿಯಾದಂತೆ ತೋರುವುದು. ದೋಷವು ಮಾತ್ರ ಹಾಗೆಯೇ ಉಳಿಯುವುದು. ವಿವೇಕಿಯು ಕುಳಿತು ಒಂದೊಂದನ್ನೇ ಪರೀಕ್ಷಿಸುವನು. ಪಂಪಿನ ಕೊಳವೆಯನ್ನು ಬಿಡಿಸಿ ಅದರ ಬಾಯಿ ಮುಚ್ಚಿದಾಗ ನಿರ್ವಾತವು ನಿಂತರೆ, ಪಂಪು ನಿರ್ದೋಷಿ. ಗಾಳಿ ಬೇರೆಡೆಯಲ್ಲಿ ನುಗ್ಗುತ್ತಿದೆ. ಹೊರಗವಸು ಗೂಡಿನ ಅಂಚಿಗೆ ಉಜ್ಜಿ ಸವೆದಿರಬಹುದು. ಕಾಲುಚೀಲದ ತುದಿಯು ಹೊರಗವಸಿನಡಿ ಸಿಕ್ಕಿ ಗಾಳಿಗೆ ದಾರಿ ಮಾಡಿರಬಹುದು. ಕವಾಟದಲ್ಲಿ ನೂಲಿನ ಎಳೆಯೋ ಬೆವರಿನ ಕೊಳೆಯೋ ಕುಳಿತಿರಬಹುದು. ಇದಲ್ಲದೆ ಒಳಗವಸನ್ನು ದಿನವೂ ಸೌಮ್ಯವಾದ ಸಾಬೂನಿನಿಂದ ತೊಳೆದು, ಸಾಬೂನು ಉಳಿಯದಂತೆ ಜಾಲಿಸಿ ಒಣಗಿಸಬೇಕು. ಚರ್ಮವನ್ನು ಎಲ್ಲ ಕಡೆಯಲ್ಲಿಯೂ ನೋಡಿಕೊಳ್ಳಬೇಕು.

ಇಷ್ಟು ಆರೈಕೆಯನ್ನು ಬೇಡುವ ವಸ್ತುವಿಗೆ ಮನುಷ್ಯನು ದಾಸನಾದಂತಾಗಲಿಲ್ಲವೆ ಎಂದು ಕೆಲವರು ಕೇಳಬಹುದು. ಎರಡು ಕಾಲುಳ್ಳವನಾದರೂ ಪರರು ಬೆಳೆದ ಅನ್ನವನ್ನುಂಡು, ಪರರು ಹಾಕಿದ ದಾರಿಯಲ್ಲಿಯೇ ನಡೆಯುವನು. ಅವನಿಗೂ ಆಧಾರವುಂಟು, ಅದರ ಅರಿವು ಮಾತ್ರ ಅವನಿಗೆ ವಿರಳ. ತನ್ನನ್ನು ಹೊತ್ತಿರುವುದು ಯಾವುದು, ಅದು ಎಲ್ಲಿ ಸಡಿಲುವುದು, ಅದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಬಲ್ಲವನನ್ನು ದಾಸನೆನ್ನುವುದು ನ್ಯಾಯವಲ್ಲ. ಚರ್ಮದಲ್ಲಿ ಬೊಕ್ಕೆಯೆದ್ದಾಗ, ಅಥವಾ ಕಾಲು ಕುಗ್ಗಿ ಗೂಡು ಹೊಂದದಾದಾಗ, ಅವನು ತಜ್ಞನ ಬಳಿಗೆ ಹೋಗಲೇಬೇಕು. ಅಲ್ಲಿ ಸಹಾಯ ಕೇಳಲು ನಾಚುವುದಕ್ಕೆ ಹಟವೆಂದು ಹೆಸರು.

ಸ್ವಾತಂತ್ರ್ಯವು ಆಧಾರದ ಪಾಲನೆಯಲ್ಲಿಯೇ ಇರುವುದಾದರೆ, ಕೊಡುವವರ ಧರ್ಮವೂ ಅದರಿಂದ ಸ್ಪಷ್ಟವಾಗುತ್ತದೆ. ಕಾಲನ್ನು ಕೊಟ್ಟು, ಸವೆದ ಹೊರಗವಸಿಗೆ ಬದಲು ಕೊಡದ ದಾನವು ಅರ್ಧದಾನ. ಆ ಕಾಲು ಮೂಲೆ ಸೇರಿದ ದಿನ ತಪ್ಪು ಅದನ್ನು ತೊಟ್ಟವನದೆನ್ನಲಾಗದು.