ಕೇಳಿ ಬರೆದವರು

ವಿದ್ಯಾಕೇಂದ್ರವೆಂದೊಡನೆ ನಾವು ನೆನೆಯುವುದು ಗೋಪುರ, ಗ್ರಂಥಭಂಡಾರ, ಆಶ್ರಯವಿತ್ತ ದೊರೆ. ವಿದ್ಯೆ ನಿಂತದ್ದು ಅವುಗಳ ಮೇಲೋ, ತಮ್ಮಲ್ಲಿ ಏನಿಲ್ಲವೆಂದು ಬಲ್ಲವರ ತಹತಹದ ಮೇಲೋ?

ಒಂಬತ್ತನೆಯ ಶತಮಾನದ ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕ್ ಕ್ರೈಸ್ತ ವೈದ್ಯ. ಗ್ರೀಕ್ ವೈದ್ಯ ಗೇಲನ್ನನ ಗ್ರಂಥಗಳನ್ನು ಸಿರಿಯಾಕ್‌ಗೂ ಅರಬ್ಬಿಗೂ ತಂದವನು. ಸಿಕ್ಕಷ್ಟು ಹಸ್ತಪ್ರತಿಗಳನ್ನು ಹೋಲಿಸಿ ಪಾಠ ತಿದ್ದಿಕೊಂಡೇ ಅನುವಾದಕ್ಕೆ ಕೈಹಾಕುತ್ತಿದ್ದ. ಗೇಲನ್ನನ ತರ್ಕಗ್ರಂಥವೊಂದನ್ನು ಹುಡುಕುತ್ತ ಮೆಸೊಪೊಟೇಮಿಯಾ, ಸಿರಿಯಾ, ಪ್ಯಾಲೆಸ್ಟೈನ್ ಸುತ್ತಿ ಅಲೆಕ್ಸಾಂಡ್ರಿಯಾದವರೆಗೂ ಹೋದ. ದಮಾಸ್ಕಸ್ಸಿನಲ್ಲಿ ದೊರೆತದ್ದು ಸುಮಾರು ಅರ್ಧ, ಅದೂ ಚೆಲ್ಲಾಪಿಲ್ಲಿ. ಅದನ್ನೂ ಮುಚ್ಚಿಡದೆ ಬರೆದಿಟ್ಟ. ಸಿಗದ್ದನ್ನು ಸಿಗಲಿಲ್ಲವೆನ್ನುವುದೂ ಪಾಂಡಿತ್ಯವೇ ಅಲ್ಲವೆ?

ಹೀಗೆ ಅರಬ್ಬಿಗೆ ಬಂದ ವಿದ್ಯೆ ಮುಂದೆ ಲ್ಯಾಟಿನ್ನಿಗೆ ದಾಟಿದ ಊರುಗಳಲ್ಲೊಂದು ಸ್ಪೇನಿನ ಟೊಲೆಡೊ. ಮುಸಲ್ಮಾನರ ಆಳ್ವಿಕೆಯಲ್ಲಿದ್ದ ಅದು 1085ರಲ್ಲಿ ಕ್ರೈಸ್ತ ದೊರೆ ಆರನೆಯ ಅಲ್ಫೊನ್ಸೊನ ವಶವಾಯಿತು. ಅದು ಗೆದ್ದುಕೊಂಡ ಊರು. ಅಲ್ಲಿ ಬರೀ ಸೌಹಾರ್ದವಿತ್ತೆಂದು ಕಥೆ ಕಟ್ಟುವುದು ಬೇಡ. ಆದರೂ ಮುಂದಿನ ಶತಮಾನದಲ್ಲಿ ಗೆದ್ದವರ ಕಡೆಯವರೇ ಸೋತವರ ಭಾಷೆಯೆದುರು ಶಿಷ್ಯರಾಗಿ ಕೂತರು. ಮುಸಲ್ಮಾನ ತತ್ತ್ವಜ್ಞಾನಿ, ವೈದ್ಯ ಇಬ್ನ್ ಸೀನಾನ ಆತ್ಮವಿಚಾರದ ಗ್ರಂಥ ಲ್ಯಾಟಿನ್ನಿಗೆ ಬಂದ ಬಗೆಯನ್ನೇ ನೋಡೋಣ. ಅವೆಂದೌತ್ ಎಂಬ ಯಹೂದಿ ವಿದ್ವಾಂಸ ಅರಬ್ಬಿಯನ್ನು ಓದಿ, ಒಂದೊಂದೇ ಪದವನ್ನು ಊರಿನ ಆಡುನುಡಿಯಲ್ಲಿ ಹೇಳುತ್ತಾನೆ. ಚರ್ಚಿನ ಅಧಿಕಾರಿ ಡೊಮಿನಿಕಸ್ ಅದನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಾನೆ. ಮುಸಲ್ಮಾನನ ಚಿಂತನೆ, ಯಹೂದಿಯ ದನಿ, ಕ್ರೈಸ್ತನ ಲೇಖನಿ. ನಡುವೆ ಸಂತೆಯಲ್ಲಿ ಚೌಕಾಸಿಗೆ ಬಳಸುವ ಮಾತು. ಆತ್ಮದಂಥ ಗಹನ ವಿಷಯವನ್ನು ದಾಟಿಸಿದ ಆ ನುಡಿಯ ಗುರುತು ಕೊನೆಗೆ ಹಾಳೆಯ ಮೇಲೆ ಎಲ್ಲಿದೆ? ನಮ್ಮ ಬದುಕಿನಲ್ಲೂ ಹೀಗೆ ದಾಟಿಸಿ ಮರೆಯಾದವರು ಎಷ್ಟು ಮಂದಿಯೋ!

ಇಟಲಿಯ ಕ್ರೆಮೋನಾದ ಗೆರಾರ್ಡ್ ಟೊಲೆಡೊಗೆ ಬಂದದ್ದು ಒಂದೇ ಪುಸ್ತಕದ ಆಸೆಯಿಂದ: ಟಾಲೆಮಿಯ ಖಗೋಳಗ್ರಂಥ ಅಲ್ಮಜೆಸ್ಟ್. ಅದಕ್ಕಾಗಿ ಅರಬ್ಬಿ ಕಲಿತ, ಅನುವಾದವನ್ನೂ ಮಾಡಿದ. ಆದರೆ ಆ ಒಂದು ಪುಸ್ತಕಕ್ಕೇ ಅವನು ನಿಲ್ಲಲಿಲ್ಲ. ಒಂದರ ಹಿಂದೊಂದು ಒಟ್ಟು ಎಪ್ಪತ್ತಕ್ಕೂ ಹೆಚ್ಚು ಕೃತಿಗಳನ್ನು ಲ್ಯಾಟಿನ್ನಿಗೆ ತಂದ. ಇಬ್ನ್ ಸೀನಾನ ವೈದ್ಯಗ್ರಂಥ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾದದ್ದು ಅವನ ಲ್ಯಾಟಿನ್ನಿನಿಂದಲೇ. ಹೆಸರು ಹಾಕಿಕೊಳ್ಳುವ ಗೊಡವೆ ಅವನಿಗಿರಲಿಲ್ಲ. 1187ರಲ್ಲಿ ಅವನು ತೀರಿಕೊಂಡ ಬಳಿಕ ಶಿಷ್ಯರೇ ಪಟ್ಟಿ ಮಾಡಿದರು.

ಗುರುವಿಗೇನೋ ಶಿಷ್ಯರಿದ್ದರು. ಆದರೆ ಅಲ್ಮಜೆಸ್ಟ್‌ನ ಅನುವಾದದಲ್ಲಿ ಅವನಿಗೆ ನೆರವಾದ ಗಾಲಿಬ್ ಎಂಬವನ ಹೆಸರು ನಮಗೆ ತಿಳಿದಿರುವುದು ಮಾರ್ಲಿಯ ಡೇನಿಯಲ್ ಎಂಬ ಇಂಗ್ಲಿಷ್ ವಿದ್ಯಾರ್ಥಿ ಬರೆದಿಟ್ಟದ್ದರಿಂದ. ಈ ಡೇನಿಯಲ್ ಮೊದಲು ಪ್ಯಾರಿಸ್ಸಿಗೆ ಹೋಗಿದ್ದ. ದಪ್ಪ ಪುಸ್ತಕಗಳನ್ನು ಮುಂದಿಟ್ಟುಕೊಂಡು ಗಂಭೀರವಾಗಿ ಕೂತಿದ್ದ ಅಜ್ಞಾನಿಗಳನ್ನು ಕಂಡು ಬೇಸತ್ತ. ಅಂಥ ಪ್ಯಾರಿಸ್ ಯಾವ ಕಾಲದಲ್ಲಿಲ್ಲ, ಹೇಳಿ? ಅಲ್ಲಿಂದೆದ್ದು, ಬಲ್ಲವರ ಮಾತು ಕೇಳಬೇಕೆಂದು ಟೊಲೆಡೊ ದಾರಿ ಹಿಡಿದ.